ಪೇತ್ಕಾಳ ಉಳಿದ ಕಣ್ಣು

ರೇಸೆನ್,
ಅಕ್ಟೋಬರ್ ೨೦, ೨೦೧೩, ಭಾನುವಾರ

ತ್ರಾಯ್ಕೊ,

ಮೊದಲು "ಪ್ರೀತಿಯ" ಎಂದು ಬರೆದೆ. ಆಮೇಲೆ ಹೊಡೆದು ಹಾಕಿದೆ. ಹೊಡೆದು ಹಾಕಿದ್ದು ಕಂಡರೆ ನೀನು ಇನ್ನಷ್ಟು ಉರಿದುಬೀಳುತ್ತೀ ಎಂದು ಹೊಸ ಹಾಳೆ ತೆಗೆದುಕೊಂಡೆ. ಅದಕ್ಕೇ ಈಗ ಬರೀ ಹೆಸರು ಉಳಿದಿದೆ, ಅಷ್ಟರಲ್ಲೇ ಸಮಾಧಾನ ಮಾಡಿಕೋ.

ನೀನು ನನ್ನ ಫೋನು ಎತ್ತುತ್ತಿಲ್ಲ. ಲ್ಯುಬ್ಲಿಯಾನಾದಲ್ಲಿ ನಿನ್ನ ಜೊತೆ ಗಾರೆ ಕೆಲಸ ಮಾಡುವವರ ಫೋನಿಗೆ ಮಾಡಿದರೆ, ನಿನ್ನ ದನಿ ಹಿಂದೆ ಕೇಳಿಸುತ್ತಿದ್ದರೂ "ಅವನು ಮೇಲೆ ಅಟ್ಟಣೆಯಲ್ಲಿದಾನೆ" ಎನ್ನುತ್ತಾರೆ. ಆದ್ದರಿಂದ ಈ ಕಾಗದವನ್ನು ಇವತ್ತು ಸಂಜೆಯ ಬಸ್ಸಿನ ಡ್ರೈವರ್ ರಿಸ್ತೊನ ಕೈಗೆ ಕೊಡುತ್ತಿದ್ದೇನೆ. ಜೊತೆಗೆ ಈ ವರ್ಷದ ಐವಾರಿನ ಒಂದು ಬಾಟಲಿ ಇದೆ. ಹೆಂಡತಿಯ ಫೋನು ಬೇಡ ಎನ್ನುವವನು ಸುಟ್ಟ ಮೆಣಸಿನಕಾಯಿಯ ಗೊಜ್ಜನ್ನು ಬೇಡ ಎನ್ನಲಾರ. ಕಾಗದವನ್ನು ಮುಚ್ಚಳದ ಮೇಲೆ ಮಡಿಸಿ ದಾರ ಬಿಗಿದಿದ್ದೇನೆ. ಅದನ್ನು ಬಿಚ್ಚದೆ ಬಾಟಲಿ ತೆಗೆಯಲು ಬರುವುದಿಲ್ಲ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅರ್ಧಕ್ಕೇ ಮಡಿಸಿಟ್ಟರೂ ಪರವಾಗಿಲ್ಲ. ಶುಕ್ರವಾರ ಬೆಳಿಗ್ಗೆ ಸ್ಕೋಪ್ಯೆಯ ಆಸ್ಪತ್ರೆಯಲ್ಲಿ ನಮ್ಮ ಇಸ್ಕ್ರಾಳ ಬಲಗಣ್ಣು ತೆಗೆಯುತ್ತಾರೆ. ತೆಗೆಯಬೇಕಾದರೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕಂತೆ. ನಾನು ಹಾಕಿದ್ದೇನೆ. ನಿನ್ನದು ಬೇಕು. ನೀನೂ ಬೇಕು.

ಆಗಸ್ಟಿನಲ್ಲಿ ಅವಳ ಹುಟ್ಟುಹಬ್ಬದ ಫೋಟೋ ಕಳಿಸಿದ್ದೆ, ನೆನಪಿದೆಯಾ? ಒಂದು ಕಣ್ಣು ಫ್ಲ್ಯಾಶಿಗೆ ಎಲ್ಲರ ಹಾಗೆ ಕೆಂಪಗೆ, ಇನ್ನೊಂದರಲ್ಲಿ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು. "ನೋಡೇ ದಫಿನಾ, ನಮ್ಮೂರ ಚರ್ಚಿನ ಪೇತ್ಕಾ ತಾಯಿ ಬೆಳಕು ಬಿದ್ದಿದೆ ನನ್ನ ಮಗಳ ಕಣ್ಣಲ್ಲಿ! ನನ್ನ ಮಗಳಲ್ವಾ!" ಎಂದು ನೀನು ಫೋನಿನಲ್ಲೇ ಕುಣಿದಾಡಿದೆ. ನಾನೂ ನಕ್ಕೆ. ಅದನ್ನು ನಿನ್ನೊಬ್ಬನ ತಲೆಗೆ ಕಟ್ಟುವುದಿಲ್ಲ. ದಿನವಿಡೀ ಶೆಡ್ಡಿನಲ್ಲಿ ನಿಂತು ಸೇಬು ವಿಂಗಡಿಸುವವಳು ನಾನು. ಸಾಸಿವೆಯಷ್ಟು ಕಲೆ ಇದ್ದರೂ ನನ್ನ ಕೈ ತಾನಾಗಿ ಆ ಸೇಬನ್ನು ಪಕ್ಕಕ್ಕೆ ತಳ್ಳುತ್ತದೆ. ತೊಡೆಯ ಮೇಲೆ ಕೂತ ನನ್ನ ಮಗುವಿನ ಕಣ್ಣಿನೊಳಗೆ ಹಾಗೆ ಬೆಳ್ಳಗೆ ಹೊಳೆದ ಗಡ್ಡೆ ಮಾತ್ರ ನನಗೆ ಕಾಣಲಿಲ್ಲ. 

ಸ್ಕೋಪ್ಯೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಕಣ್ಣು ಉಳಿಸೋ ಕಾಲ ದಾಟಿ ಹೋಗಿದೆ. ಮಗೂನ ಉಳಿಸೋ ಕಾಲ ಇನ್ನೂ ಇದೆ. ಗಡ್ಡೆ ಇನ್ನೂ ಕಣ್ಣೊಳಗೇ ಇದೆ, ನರ ಹಿಡ್ಕೊಂಡು ತಲೆಗೆ ಹತ್ತಿದ್ರೆ ನನ್ನ ಕೈಲಿ ಏನೂ ಇರಲ್ಲಮ್ಮ" ಎಂದರು. ಇದನ್ನೇ ನಿನಗೂ ಫೋನಿನಲ್ಲಿ ಹೇಳಿದೆ. ನೀನು ಏನಂದೆ? "ಪೇತ್ಕಾ ಹಬ್ಬ ಆಗೋ ತನಕ ಯಾರೂ ನನ್ನ ಮಗಳನ್ನ ಮುಟ್ಟಬಾರ್ದು. ನನಗೆ ಕಣ್ಣು ಕೊಟ್ಟವಳು ಅವಳಿಗೂ ಕೊಡ್ತಾಳೆ." ನಾನು, "ನಿನ್ನ ಪೇತ್ಕಾ ಗೋಡೆ ಮೇಲಿನ ಸುಣ್ಣ ಕಣೋ, ಬರೀ ಸುಣ್ಣ! ಗಾರೆ ಮೆತ್ತೋನಿಗೆ ಅಷ್ಟೂ ಗೊತ್ತಿಲ್ವಾ?" ಎಂದೆ. ನೀನು ಫೋನು ಇಟ್ಟೆ. ಅದೇ ಕೊನೆ.

ಆ ಮಾತಿಗೆ ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿಲ್ಲ. ನಿನ್ನೆ ನಿಮ್ಮ ಊರು ಯಾವೊರ್ನಿಕ್ಕಿನ ಚರ್ಚಿನಲ್ಲಿ ನಡೆದದ್ದನ್ನು ಹೇಳಲು ಬರೆಯುತ್ತಿದ್ದೇನೆ.

ಹೌದು, ಹೋಗಿದ್ದೆ. ನಾನೇ. ನಗಬೇಡ. ನಿಮ್ಮಮ್ಮ ಕಳೆದ ವಾರವೆಲ್ಲ ನನ್ನ ಹಿಂದೆ ಮುಂದೆ ಸುಳಿದಾಡಿ, ಮೆಣಸಿನಕಾಯಿ ಸುಡುವ ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಕೊನೆಗೆ ಬಾಯಿ ಬಿಟ್ಟರು. "ಸೊಸೇ, ಒಂದು ಮಾತು ನಡೆಸ್ಕೊಡು. ಶನಿವಾರ ಮಗೂನ ಕರ್ಕೊಂಡು ಪೇತ್ಕಾ ತಾಯಿ ಹತ್ರ ಹೋಗಿ ಬರೋಣ. ಆಮೇಲೆ ನಾನೇ ಅವನಿಗೆ ಫೋನ್ ಮಾಡ್ತೀನಿ, ಬಂದು ಸಹಿ ಹಾಕು ಅಂತ ಹೇಳ್ತೀನಿ." ನೀನು ಅಮ್ಮನ ಮಾತು ಮೀರುವವನಲ್ಲ. ಒಂದು ಮೇಣದಬತ್ತಿಯ ಬೆಲೆಗೆ ನಿನ್ನ ಸಹಿ ಸಿಗುವುದಾದರೆ ನಾನು ಮಂಡಿಯೂರಿಯೇ ಬೆಟ್ಟ ಹತ್ತುತ್ತಿದ್ದೆ. ಸರಿ ಅತ್ತೆ ಎಂದೆ.

ಹೊರಡುವ ಬೆಳಿಗ್ಗೆ ಅವರು ಐವಾರಿಗೆ ಮೆಣಸಿನಕಾಯಿ ಸಿಪ್ಪೆ ತೆಗೆಯುವ ಸಣ್ಣ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿ ಬುಟ್ಟಿಯಲ್ಲಿ, ರೊಟ್ಟಿಯ ಕೆಳಗೆ ಇಟ್ಟುಕೊಂಡರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ನಿಮ್ಮ ಊರಿನವರಿಗೆ ಕಣ್ಣು ನೋವು ಬಂದರೆ ಮೊದಲು ನೆನಪಾಗುವುದು ಚರ್ಚಿನ ಗೋಡೆ. ಸಂತರ ಚಿತ್ರದ ಕಣ್ಣಿನಿಂದ ಗಾರೆ ಕೆರೆದು, ಒರತೆಯ ತೀರ್ಥದಲ್ಲಿ ಕಲಸಿ ರೆಪ್ಪೆಗೆ ಹಚ್ಚುವುದು. ಆ ಚಾಕು ಗೋಡೆಗೆ ತಾಗಿದರೆ ತಾಗಲಿ, ಮಗುವಿನ ಹತ್ತಿರ ಬಂದರೆ ಕಿತ್ತುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಊರಿನ ತನಕ ಮಿನಿಬಸ್ಸು, ಅಲ್ಲಿಂದ ಮೇಲಕ್ಕೆ ಸೇಬಿನ ಟ್ರ್ಯಾಕ್ಟರು. ಇಸ್ಕ್ರಾ ಖಾಲಿ ಕ್ರೇಟುಗಳ ಮೇಲೆ ರಾಣಿಯ ಹಾಗೆ ಕೂತಿದ್ದಳು. ಬಲಗಡೆಯಿಂದ ಕೊಂಬೆ ಬಂದರೆ ಅವಳಿಗೆ ಈಗ ಕಾಣುವುದಿಲ್ಲ, ಹಾಗಾಗಿ ನಾನು ಆ ಕಡೆಗೇ ಕೂತಿದ್ದೆ. ಇದೂ ನಿನಗೆ ತಿಳಿದಿರಲಿ. ಈಗ ನಾವು ಎಲ್ಲಿ ಹೋದರೂ ನಾನು ಅವಳ ಬಲಗಡೆಯೇ ಇರುತ್ತೇನೆ.

ಚರ್ಚಿನ ಬೀಗದ ಕೈ ಈಗಲೂ ಕ್ಲೀಮೆಯ ಮನೆಯಲ್ಲೇ ಇದೆ. ಅವನಪ್ಪ ಇಟ್ಟುಕೊಂಡಿದ್ದ, ಈಗ ಇವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಕಾಫಿ ಕುಡಿಸದೆ ಎಬ್ಬಿಸಲಿಲ್ಲ. ಕುಡಿದ ಮೇಲೆ ರಾಕಿಯಾ ಸಾರಾಯಿ, ಸಾರಾಯಿಯ ಮೇಲೆ ಅವನ ಮಾತು. "ಏನ್ ಸ್ಪಾಸಿಯಕ್ಕಾ, ಇಷ್ಟು ವರ್ಷಕ್ಕೆ ದಾರಿ ಜ್ಞಾಪಕ ಬಂತಾ?" ಎಂದು ನಿಮ್ಮಮ್ಮನನ್ನು ಕೆಣಕಿದ. ಅವರು ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ನನಗೆ ಅವನ ಮಾತು ವಿಚಿತ್ರವಾಗಿ ಕಂಡಿತು, ಯಾಕೆಂದರೆ ಪ್ರತಿ ವರ್ಷ ಹಬ್ಬಕ್ಕೆ ಯಾವೊರ್ನಿಕ್ಕಿಗೆ ಹೋಗಿ ಬರುತ್ತೇನೆ ಎಂದು ಅವರೇ ನಮಗೆ ಹೇಳುತ್ತಿದ್ದದ್ದು. ಊರಿಗೆ ಬರುತ್ತಿದ್ದರಂತೆ, ತಂಗಿಯ ಮನೆಯಲ್ಲಿ ಉಳಿಯುತ್ತಿದ್ದರಂತೆ. ಚರ್ಚಿನ ಬಾಗಿಲಿನ ತನಕ ಬರುತ್ತಿರಲಿಲ್ಲವಂತೆ. ಇದೆಲ್ಲ ಆಮೇಲೆ ಗೊತ್ತಾಯಿತು.

ನಾನು ಆ ಚರ್ಚನ್ನು ಒಳಗಿನಿಂದ ನೋಡಿದ್ದು ನಮ್ಮ ಮದುವೆಯ ಮುಂಚೆ, ನೀನು ಕರೆದುಕೊಂಡು ಹೋದಾಗ. ಆಗ ನನ್ನ ಕಣ್ಣೆಲ್ಲ ನಿನ್ನ ಮೇಲೇ ಇತ್ತು, ಗೋಡೆಯನ್ನು ಯಾರು ನೋಡಿದರು! ನಿನ್ನೆ ನೋಡಿದೆ. ತಗ್ಗಿ ಒಳಗೆ ಹೋಗಿ ಬೆನ್ನು ನೆಟ್ಟಗೆ ಮಾಡಿದರೆ ಸುತ್ತ ನೀಲಿ, ಹೊಗೆ ಹಿಡಿದ ನೀಲಿ. ಇಸ್ಕ್ರಾ ಬಾಗಿಲ ಪಕ್ಕದ ಗೋಡೆಯಲ್ಲಿ ಬರೆದ ನರಕದ ಬೆಂಕಿಯ ಹೊಳೆಯ ಹತ್ತಿರ ನಿಂತುಬಿಟ್ಟಳು. ಅಲ್ಲಿ ಕುತ್ತಿಗೆಗೆ ಬೀಸುಕಲ್ಲು ಕಟ್ಟಿಕೊಂಡ ಒಬ್ಬ ಮುಳುಗುತ್ತಿದ್ದಾನಲ್ಲ, ಅವನು ಯಾರು ಎಂದು ಕೇಳಿದಳು. "ಹಿಟ್ಟಲ್ಲಿ ಕಲ್ಲು ಬೆರೆಸಿದ ಗಿರಣಿಯವನು. ಪಕ್ಕದವಳು ವೈನಿಗೆ ನೀರು ಹಾಕಿದವಳು. ಇವರ ಮೊಮ್ಮಕ್ಕಳೆಲ್ಲ ಇನ್ನೂ ನಮ್ಮೂರಲ್ಲೇ ಇದಾರೆ ಪುಟ್ಟಿ, ಬೇಕಾದ್ರೆ ತೋರಿಸ್ತೀನಿ" ಎಂದ ಕ್ಲೀಮೆ.

ಆಮೇಲೆ ನಾನು ಒಂದು ವಿಷಯ ಗಮನಿಸಿದೆ. ಹೆಂಗಸಿನ ಕೈಗೆ ಎಟುಕುವಷ್ಟು ಎತ್ತರದವರೆಗೆ ಗೋಡೆಯ ಮೇಲಿನ ಸಂತರು ಹೆಚ್ಚುಕಮ್ಮಿ ಎಲ್ಲರೂ ಕುರುಡರು. ಕಣ್ಣಿದ್ದ ಕಡೆ ಬಿಳಿ ಗುಳಿ. ಅದರ ಮೇಲಿನ ಸಾಲಿನವರಿಗೆಲ್ಲ ಕಣ್ಣಿದೆ, ಅವರು ನಮ್ಮನ್ನು ನೋಡುತ್ತಿದ್ದಾರೆ. ಯಾವುದೋ ಎತ್ತರದ ಹೆಂಗಸೊಬ್ಬಳು ಕಟ್ಟೆಯ ಮೇಲೆ ಹತ್ತಿ ನಿಂತಳೋ ಏನೋ, ಒಂದು ಕಡೆ ಮಾತ್ರ ಮೇಲಿನ ಸಾಲಿನ ಒಬ್ಬ ಬಿಷಪ್ಪನ ಕಣ್ಣೂ ಹೋಗಿದೆ. ಯಾರು ಮಾಡಿದ್ದು ಎಂದು ಪ್ರವಾಸಿಗಳು ಕೇಳಿದರೆ ಏನು ಹೇಳುತ್ತೀ ಎಂದೆ. ಕ್ಲೀಮೆ ಮೀಸೆ ಒರೆಸಿಕೊಂಡ. "ತುರ್ಕರು ಕಿತ್ರು ಅಂತೀನಿ. ಅವ್ರಿಗೂ ಅದೇ ಇಷ್ಟ, ತಲೆ ಆಡಿಸ್ತಾರೆ. ನಮ್ಮ ಅಮ್ಮಂದಿರೇ ಕೆರ್ಕೊಂಡು ಹೋಗಿದ್ದು ಅಂದ್ರೆ ಮುಖ ಮುಖ ನೋಡ್ತಾರೆ. ಒಂದೊಂದು ಗುಳೀಗೂ ಒಂದೊಂದು ಮಗು ಅಳ್ತಿತ್ತು ಅಂತ ಅವರಿಗೆ ಹೇಗೆ ಹೇಳೋದು?" ಎಂದ. ಅವನ ತಮಾಷೆಗೆ ನಗಲು ಸಿದ್ಧವಾಗಿದ್ದವಳು ಇಸ್ಕ್ರಾಳ ಬಲಗಡೆಗೆ ಹೋಗಿ ನಿಂತೆ.

ಪೇತ್ಕಾ ನಿನಗೆ ಗೊತ್ತಿರುವ ಜಾಗದಲ್ಲೇ ಇದ್ದಾಳೆ, ಬಲಗಡೆ ಕಂಬದ ಪಕ್ಕ, ಕೆಂಪು ಮೇಲುಹೊದಿಕೆಯಲ್ಲಿ. ಅವಳ ಎಡಗಣ್ಣಿನ ಗುಳಿ ನಿನ್ನದು. ಅದರ ಕೆಳಗೆ ನಿಮ್ಮಪ್ಪ ನೌಮ್ ಹರಕೆಗೆ ಕಟ್ಟಿದ ಬೆಳ್ಳಿ ಕಣ್ಣು ಇನ್ನೂ ತೂಗುತ್ತಿದೆ, ಕಪ್ಪಾಗಿದೆ. ಮದುವೆಗೆ ಮುಂಚೆ ನೀನು ನನ್ನನ್ನು ಅದರ ಮುಂದೆ ನಿಲ್ಲಿಸಿ, "ಐದು ವರ್ಷದವನಿದ್ದಾಗ ಸುಣ್ಣ ಬಿದ್ದು ಈ ಕಣ್ಣು ಹೋಗಿತ್ತು. ಅಮ್ಮ ಇಲ್ಲೇ ಯಾತ್ರಿಗಳ ಕೋಣೆಯಲ್ಲಿ ಉಳ್ಕೊಂಡು ದಿನಾ ತಾಯಿ ಕಣ್ಣು ಕೆರೆದು ಹಚ್ಚಿದಳು. ಬಂತು ನೋಡು" ಎಂದು ಹೇಳಿದ್ದೆ. ಹೇಳುತ್ತಾ ಆ ಬೆಳ್ಳಿ ಕಣ್ಣನ್ನು ಅಂಗಿಯ ತೋಳಿನಿಂದ ಒರೆಸಿದ್ದೆ. ಅವತ್ತೇ ನಾನು ನಿನ್ನನ್ನು ಮದುವೆಯಾಗುವುದು ಎಂದು ತೀರ್ಮಾನಿಸಿದ್ದು, ಅದು ಬೇರೆ ವಿಷಯ.

ನಿಮ್ಮಮ್ಮ ಮಗುವನ್ನು ಎತ್ತಿಕೊಂಡು ಪೇತ್ಕಾಳ ಎದುರಿಗೆ ನಿಂತರು. ಇನ್ನೊಂದು ಕೈಯಲ್ಲಿ ಕರವಸ್ತ್ರ. ಕ್ಲೀಮೆ ಬಾಗಿಲ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಕೆರೆಯಲು ಬಂದವರನ್ನು ಬೀಗದ ಕೈಯವನು ನೋಡಬಾರದು, ಅದು ಅವರ ಮನೆಯ ರೂಢಿಯಂತೆ. ಅತ್ತೆಯ ಕೈ ಮೇಲಕ್ಕೆ ಹೋಯಿತು. ಉಳಿದಿರುವುದು ಪೇತ್ಕಾಳ ಬಲಗಣ್ಣೊಂದೇ. ಅದು ನೆಟ್ಟಗೆ, ದೊಡ್ಡದಾಗಿ, ಇಸ್ಕ್ರಾಳನ್ನೇ ನೋಡುತ್ತಿತ್ತು. ಇಸ್ಕ್ರಾನೂ ಕತ್ತು ಓರೆ ಮಾಡಿ, ತನ್ನ ಒಳ್ಳೆಯ ಕಣ್ಣಿನಿಂದ ಅವಳನ್ನು ನೋಡುತ್ತಿದ್ದಳು.

"ಅಜ್ಜೀ, ಇವಳ ಒಂದು ಕಣ್ಣನ್ನ ಡಾಕ್ಟರ್ ತೆಗೆದ್ರಾ?"

ಅತ್ತೆಯ ಕೈ ಗೋಡೆಯ ಹತ್ತಿರವೇ ನಿಂತಿತು.

"ಇನ್ನೊಂದರಲ್ಲಿ ಕಾಣುತ್ತಲ್ವಾ ಇವಳಿಗೆ?"

"ಕಾಣುತ್ತೆ ಕಣೇ ಬಂಗಾರ" ಎಂದರು ಅತ್ತೆ, ಕೇಳಿಸದಷ್ಟು ಮೆಲ್ಲಗೆ.

"ಹಂಗಾದ್ರೆ ಅದನ್ನ ಬಿಟ್ಬಿಡಿ. ಅದನ್ನೂ ತೆಗೆದ್ರೆ ಇವಳು ನನ್ನ ಹೆಂಗೆ ನೋಡ್ತಾಳೆ?"

ನಾವು ಮನೆಯಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಪಿಸುಗುಟ್ಟಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಾಳೆ, ತ್ರಾಯ್ಕೊ. ತನ್ನ ಕಣ್ಣು ಹೋಗುತ್ತದೆ ಎಂದು ಅವಳಿಗೆ ಗೊತ್ತು. ನಮಗೆ ಬೇಜಾರಾಗಬಾರದು ಎಂದು ಸುಮ್ಮನಿದ್ದಾಳೆ. ನಾಲ್ಕು ವರ್ಷದ ಮಗು.

ನಿಮ್ಮಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಕಲ್ಲು ಹಾಸಿನ ಮೇಲೆ ಕೂತುಬಿಟ್ಟರು. ನಾನು ಅವರಿಗೆ ತಲೆ ಸುತ್ತು ಬಂತು ಎಂದುಕೊಂಡೆ. "ಕ್ಲೀಮೆ, ಬಾರೋ ಇಲ್ಲಿ. ಇನ್ನು ನನ್ನ ಕೈಲಿ ಆಗಲ್ಲ. ನೀನಾದ್ರೂ ಹೇಳೋ ಇವಳಿಗೆ" ಎಂದರು. ಕ್ಲೀಮೆ ಬಂದ, ಆದರೆ ಹೇಳಲಿಲ್ಲ. "ನಿನ್ನ ಗಂಟು, ನೀನೇ ಬಿಚ್ಚಕ್ಕ" ಎಂದು ಪಕ್ಕದಲ್ಲಿ ಕೂತುಕೊಂಡ.

ಇನ್ನು ಮುಂದಿನದನ್ನು ಕೂತುಕೊಂಡು ಓದು. ಅಟ್ಟಣೆಯ ಮೇಲಿದ್ದರೆ ಇಳಿದು ಬಾ.

ನಿಮ್ಮಪ್ಪ ಆಗ ಬೆಲ್‌ಗ್ರೇಡಿನಲ್ಲಿ ಕೆಲಸಕ್ಕೆ ಹೋಗಿದ್ದರು. ಈಸ್ಟರಿಗೆ ಮನೆಗೆ ಸುಣ್ಣ ಬಳಿಯಬೇಕೆಂದು ನಿಮ್ಮಮ್ಮ ಅಂಗಳದ ಗುಂಡಿಯಲ್ಲಿ ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಲು ಬಿಟ್ಟಿದ್ದರು. ಗುಂಡಿಯ ಮೇಲೆ ಹಲಗೆ ಮುಚ್ಚಬೇಕು, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಇವರು ಒಂದು ಗೋಣಿ ಎಳೆದು, ಬೇಲಿಯ ಹತ್ತಿರ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತರು. "ಏನು ಮಾತಾಡ್ತಿದ್ದೆ ಅಂತ ಈಗ್ಲೂ ಜ್ಞಾಪಕ ಇದೆ ಸೊಸೆ. ಯಾರ ಮನೆ ಮದುವೇಲೋ ಯಾವಳೋ ಉಟ್ಟಿದ್ದ ಬಟ್ಟೆ ವಿಷ್ಯ." ನೀನು ಕೋಲು ಹಾಕಿ ಗೋಣಿ ಎತ್ತಿದೆ. ಒಂದು ಹನಿ ಹಾರಿತು.

ಅವರು ನಿನ್ನನ್ನು ಹೊತ್ತುಕೊಂಡು ಬೆಟ್ಟದ ಮೇಲಕ್ಕೆ ಓಡಿದರು. ಅದೊಂದೇ ಅವರಿಗೆ ಗೊತ್ತಿದ್ದ ದಾರಿ. ಕ್ಲೀಮೆಯ ಅಪ್ಪ ಬಾಗಿಲು ತೆಗೆದ. ಅವರು ತಲೆಯ ಪಿನ್ನು ತೆಗೆದು ಪೇತ್ಕಾಳ ಎಡಗಣ್ಣು ಕೆರೆದರು. ಕೆರೆದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಒರತೆಯ ಹತ್ತಿರ ಕೂತು ಹಚ್ಚಬೇಕು ಎನ್ನುವಷ್ಟರಲ್ಲಿ, ನೀರಿಗೆ ಬಂದಿದ್ದ ಕ್ಲೀಮೆಯ ಅಮ್ಮ ಅವರ ಕೆನ್ನೆಗೆ ಒಂದು ಬಿಟ್ಟಳಂತೆ. "ಸುಣ್ಣಕ್ಕೆ ಸುಣ್ಣಾನೇ ಔಷಧೀನಾ, ಹುಚ್ಚಿ? ಕಣ್ಣು ತೊಳಿ! ತೊಳೀತಾನೇ ಇರು!" ಎಂದು ಬಿಂದಿಗೆಗಟ್ಟಲೆ ನೀರು ಸುರಿದು, ಮಗನನ್ನು ಕೂಗಿದಳಂತೆ. ಆ ಮಗ ಕ್ಲೀಮೆ. ಆಗ ಸೊಸೈಟಿಯ ಸೇಬಿನ ಲಾರಿ ಓಡಿಸುತ್ತಿದ್ದ. ನಿನ್ನನ್ನೂ ನಿಮ್ಮಮ್ಮನನ್ನೂ ಅದರಲ್ಲಿ ಹಾಕಿಕೊಂಡು ಬಿತೊಲಾದ ಆಸ್ಪತ್ರೆಗೆ ಬಿಟ್ಟು ಬಂದವನು ಅವನೇ.

ಅವರು ಯಾತ್ರಿಗಳ ಕೋಣೆಯಲ್ಲಿ ಇರಲಿಲ್ಲ, ತ್ರಾಯ್ಕೊ. ಅಷ್ಟು ದಿನವೂ ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕದಲ್ಲಿದ್ದರು. ನಿನ್ನ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು, ಆದ್ದರಿಂದ ನೀನು ಏನೂ ನೋಡಲಿಲ್ಲ. ಮೇಣದ ವಾಸನೆ ನೆನಪಿದೆ ಎನ್ನುತ್ತಿದ್ದೆಯಲ್ಲ, ಅದು ಮುಲಾಮಿನ ವಾಸನೆ ಇರಬೇಕು.

ನಾನು ಕೇಳಿದೆ, ಸುಳ್ಳು ಯಾಕೆ ಹೇಳಿದಿರಿ ಅತ್ತೆ ಎಂದು. ಸುಳ್ಳು ಹೇಳಲಿಲ್ಲವಂತೆ. ಊರಿಗೆ ವಾಪಸು ಬಂದಾಗ ಊರೇ ಪವಾಡವನ್ನು ತಯಾರು ಮಾಡಿ ಇಟ್ಟಿತ್ತಂತೆ. ಓಡಿ ಹತ್ತಿದ್ದನ್ನು ನೋಡಿದ್ದರು, ಮಗನ ಕಣ್ಣು ತೆರೆದದ್ದನ್ನು ನೋಡಿದರು, ನಡುವಿನದನ್ನು ಅವರೇ ತುಂಬಿಕೊಂಡರು. ನಿಮ್ಮಪ್ಪನೂ ಬಂದು ಬೆಳ್ಳಿ ಕಣ್ಣು ಮಾಡಿಸಿದರು. ಆಮೇಲೆ ಅತ್ತೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಆಸ್ಪತ್ರೆ ಅಂದಿದ್ರೆ ಹೇಗೆ ಬಿತ್ತು, ಗುಂಡಿ ಮುಚ್ಚಿದ್ಯಾ, ಎಲ್ಲಿ ಸತ್ತಿದ್ದೆ ಅಂತ ಕೇಳ್ತಿದ್ರು. ನೌಮ್ ಕೈ ಹೆಂಗಿತ್ತು ಅಂತ ನಿನಗೆ ಗೊತ್ತಿಲ್ಲ. ಪವಾಡ ಅಂದ್ರೆ ಯಾರೂ ಏನೂ ಕೇಳಲ್ಲ ಮಗಳೇ. ಎಲ್ಲರೂ ಕಣ್ಣು ಬಂತು ಅಂತ ಕುಣೀತಾರೆ, ಯಾಕೆ ಹೋಗಿತ್ತು ಅಂತ ಯಾರೂ ಕೇಳಲ್ಲ."

ನಾನು ಕ್ಲೀಮೆಯ ಕಡೆ ತಿರುಗಿದೆ. ನಿನಗೂ ಬಾಯಿ ಇರಲಿಲ್ಲವಾ ಎಂದೆ. "ಪವಾಡ ಅಂತ ಪಾದ್ರೀನೇ ಗಂಟೆ ಹೊಡೀತಿದ್ರೆ, ಲಾರಿ ಡ್ರೈವರ್ ಮಾತು ಯಾರಮ್ಮ ಕೇಳ್ತಾರೆ? ಅಲ್ಲದೆ ಒಂದು ಹೇಳ್ತೀನಿ, ಆ ದರಿದ್ರ ಲಾರಿ ನಾಲ್ಕು ಜನ ತಳ್ಳದೆ ಒಂದು ದಿನಾನೂ ಸ್ಟಾರ್ಟ್ ಆಗಿದ್ದಲ್ಲ. ಅವತ್ತು ಒಂದೇ ಏಟಿಗೆ ಆಯ್ತು. ತ್ರಾಯ್ಕೊಗೆ ಪವಾಡ ಬೇಕೇ ಬೇಕು ಅಂದ್ರೆ ಅದನ್ನ ಇಟ್ಕೊಳ್ಳೋಕೆ ಹೇಳು" ಎಂದ.

ಅತ್ತೆ ಇನ್ನೂ ಒಂದು ಹೇಳಿದರು. ಕೆರೆದ ಆ ಪುಡಿಯನ್ನು ಅವರು ಎಸೆಯಲಿಲ್ಲವಂತೆ. ಲಾರಿಯಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಬಾಗಿಲ ಹೊರಗೆ, ಮುಷ್ಟಿ ಬಿಗಿಹಿಡಿದೇ ಇದ್ದರಂತೆ. ಕೊನೆಗೆ ನರ್ಸು ಒಂದೊಂದಾಗಿ ಬೆರಳು ಬಿಡಿಸಿದರೆ, ಬೆವರಿಗೆ ಅದು ಅಂಗೈಗೆ ಮೆತ್ತಿಕೊಂಡು ಕೂತಿತ್ತಂತೆ. "ಹಚ್ಚೋಕಲ್ಲ ಸೊಸೆ. ಹಚ್ಚಲ್ಲ ಅಂತ ಗೊತ್ತಿತ್ತು. ಸುಮ್ನೆ ಹಿಡ್ಕೊಂಡಿದ್ದೆ" ಎಂದರು.

ನಾನು ಅವರ ಮೇಲೆ ಕೂಗಾಡಬೇಕಿತ್ತು. ನಿನ್ನ ತಲೆಯಲ್ಲಿ ಈ ಪವಾಡವನ್ನು ನೆಟ್ಟು, ನೀರೆರೆದು ಬೆಳೆಸಿ, ಈಗ ಅದರ ನೆರಳಿನಲ್ಲಿ ನನ್ನ ಮಗಳನ್ನು ಮಲಗಿಸಲು ಹೊರಟಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಗೊತ್ತಿದ್ದೂ ಮತ್ತೆ ಚಾಕು ಹಿಡಿದು ಬಂದಿರಲ್ಲ ಅತ್ತೆ ಎಂದೆ. ಅವರು ನನ್ನ ಮುಖ ನೋಡಿ, "ಗೊತ್ತಿತ್ತು. ಆದ್ರೂ ಈ ಸಲ ಆಗ್ಬಹುದೇನೋ ಅನ್ಸ್ತು" ಎಂದರು. ಆ ಮಾತು ಬಿಸಿ ತುಪ್ಪದ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇಸ್ಕ್ರಾ ಹೋಗಿ ಅಜ್ಜಿಯ ತೊಡೆಯ ಮೇಲೆ ಕೂತು, ಅವರ ಕೈಯಿಂದ ಕರವಸ್ತ್ರ ತೆಗೆದುಕೊಂಡು ಅವರ ಮೂಗು ಒರೆಸಿದಳು. ಚಾಕುವನ್ನು ಕ್ಲೀಮೆ ಜೇಬಿಗೆ ಹಾಕಿಕೊಂಡ. ಆಮೇಲೆ ಹೊರಗೆ ಬಿಸಿಲಿನಲ್ಲಿ ಕೂತು ಅದರಿಂದಲೇ ಮಗುವಿಗೆ ಸೇಬು ಹೆಚ್ಚಿಕೊಟ್ಟ.

ನಾವು ಒಂದಷ್ಟು ದೂರ ಇಳಿದು ಬಂದ ಮೇಲೆ ನನ್ನ ತಲೆವಸ್ತ್ರ ಒಳಗೇ ಮರೆತದ್ದು ನೆನಪಾಗಿ, ನಾನೊಬ್ಬಳೇ ಮತ್ತೆ ಮೇಲೆ ಹತ್ತಿ ಹೋಗಿ ತಂದೆ. ಅದರಿಂದ ತಡವಾಯಿತು. ಟ್ರ್ಯಾಕ್ಟರಿನವನು ಗೊಣಗಾಡಿದ.

ಸಂಜೆ ಮನೆಯಲ್ಲಿ ಅತ್ತೆ ಫೋನು ಕೈಗೆ ತೆಗೆದುಕೊಂಡು, ನಿನ್ನ ಹೆಸರಿನ ತನಕ ಹೋಗಿ, ಕೆಳಗಿಟ್ಟರು. "ನನ್ನ ಕೈಲಿ ಆಗಲ್ಲ ಕಣೇ. ನೀನೇ ಬರಿ. ಎಲ್ಲ ಬರಿ. ಇಷ್ಟು ದಿನ ಅವನು ಎಲ್ಲರ ಮುಂದೆ ತೋರಿಸ್ಕೊಂಡು ಓಡಾಡಿದ ಕಣ್ಣು ಅದು, ನನ್ನ ಬಾಯಿಂದ ಹೇಗೆ ಹೇಳಲಿ?" ಎಂದರು. ಕೊಟ್ಟ ಮಾತು ತಪ್ಪಿದರು ಎಂದು ಬೈದೆ. ಬೈದು, ಅವರಿಗೆ ಕಾಲು ಒತ್ತಿ ಮಲಗಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಸಲ ಕೆಟ್ಟ ಕಾಲ ಬಂದಿದೆ.

ಈಗ ನನ್ನ ಮಾತು ಕೇಳು. ನೀನು ದಡ್ಡ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ದಿನವೂ ಸುಣ್ಣ, ಸಿಮೆಂಟು ಕಲಸುವವನು ನೀನು. ಕೆಲಸದ ಹುಡುಗರಿಗೆ ಕನ್ನಡಕ ಹಾಕಿಕೊಳ್ಳದೆ ಗಾರೆ ಮುಟ್ಟಬೇಡಿ ಎಂದು ಬೈಯುವವನೂ ನೀನೇ ಅಂತೆ, ರಿಸ್ತೊ ಹೇಳಿದ. ಕಣ್ಣಿಗೆ ಸುಣ್ಣ ಏನು ಮಾಡುತ್ತದೆ ಎಂದು ನಿನಗೆ ಗೊತ್ತು. ನೀನು ಹೆದರಿದ್ದೀ, ಅಷ್ಟೇ. ಸಹಿ ಹಾಕಿದರೆ ಮಗಳ ಕಣ್ಣನ್ನು ನಿನ್ನ ಕೈಯಾರೆ ತೆಗೆದ ಹಾಗಾಗುತ್ತದೆ ಎಂದು ಹೆದರಿದ್ದೀ. ನಾನು ಸಹಿ ಹಾಕಿದಾಗ ನನಗೂ ಹಾಗೇ ಆಯಿತು. ಪೆನ್ನು ಕೆಳಗಿಟ್ಟ ಮೇಲೆ ಆಸ್ಪತ್ರೆಯ ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆ ಹೆದರಿಕೆಯನ್ನು ನಾನೊಬ್ಬಳೇ ಹೊರಬೇಕು ಎಂದು ಯಾವ ನ್ಯಾಯ?

ನಿಮ್ಮಮ್ಮನ ಮೇಲೆ ಸಿಟ್ಟು ಮಾಡಿಕೋ, ಬೇಕಾದಷ್ಟು ಮಾಡಿಕೋ, ಆದರೆ ಶುಕ್ರವಾರ ಆದ ಮೇಲೆ. ಬುಧವಾರ ರಾತ್ರಿ ರಿಸ್ತೊನ ಬಸ್ಸು ವಾಪಸು ಹೊರಡುತ್ತದೆ. ಮುಂದಿನ ಸೀಟು ನಿನಗೆ ಇಡಲು ಹೇಳಿದ್ದೇನೆ. ನೀನು ಬಾರದಿದ್ದರೆ ನಾನು ನಿನ್ನ ಸಹಿಯನ್ನೂ ಹಾಕುತ್ತೇನೆ, ಇದನ್ನು ಬೆದರಿಕೆ ಎಂದೇ ತಿಳಿದುಕೋ. ನಿನ್ನ ಸಹಿಯಲ್ಲಿ ತ್ರಾ ಹೇಗೆ ಬಾಲ ಎಳೆಯುತ್ತದೆ ಎಂದು ನನಗೆ ಗೊತ್ತು. ನೀನು ಹೋದಾಗಿನಿಂದ ಕರೆಂಟು ಆಫೀಸಿನಲ್ಲಿ ನಾನೇ ಹಾಕುತ್ತಿದ್ದೇನೆ. ಸಿಕ್ಕಿಬಿದ್ದರೆ ಸಿಕ್ಕಿಬೀಳುತ್ತೇನೆ. ಮಗಳು ಬದುಕಿದ್ದರೆ ಸಾಕು, ಜೈಲಿಗೆ ಐವಾರು ತಂದುಕೊಡಲು ಅತ್ತೆ ಇದ್ದಾರೆ.

ಆದರೆ ನೀನು ಬಾ. ಸಹಿಗಾಗಿ ಅಲ್ಲದಿದ್ದರೂ ಬಾ. ರಾತ್ರಿ ಮಲಗಿಸುವಾಗ ಇಸ್ಕ್ರಾ ಒಂದು ಪ್ರಶ್ನೆ ಕೇಳಿದಳು. ಒಂದೇ ಕಣ್ಣಿದ್ದರೆ ಅಪ್ಪನಿಗೆ ನಾನು ಗುರುತು ಸಿಗ್ತೀನಾ ಎಂದು. ನೀನೇ ಬಂದು ಉತ್ತರ ಕೊಡು. ನನಗೆ ಗೊತ್ತಿರುವ ಉತ್ತರವನ್ನೆಲ್ಲ ಕೊಟ್ಟು ಮುಗಿಸಿದ್ದೇನೆ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ
ದಫಿನಾ

ಮರೆತಿದ್ದು: ತಲೆವಸ್ತ್ರ ಮರೆತಿರಲಿಲ್ಲ. ಬೇಕೆಂದೇ ಬಿಟ್ಟು ಬಂದಿದ್ದೆ. ಮೇಲೇ ಉಳಿದಿದ್ದ ಕ್ಲೀಮೆ ಮತ್ತೆ ಬಾಗಿಲು ತೆಗೆದು, ನಾನು ಕೇಳುವ ಮುಂಚೆಯೇ ನನಗೆ ಬೆನ್ನು ಹಾಕಿ ನಿಂತ. ಕಣ್ಣನ್ನು ಮುಟ್ಟಲಿಲ್ಲ, ಮಗಳಿಗೆ ಮಾತು ಕೊಟ್ಟ ಹಾಗಿತ್ತಲ್ಲ. ಪೇತ್ಕಾಳ ಕೈಯಿಂದ, ಬೆರಳ ತುದಿಯಿಂದ, ತಲೆಯ ಪಿನ್ನಿನಲ್ಲಿ ಒಂದು ಚಿಟಿಕೆ ಕೆರೆದೆ. ಗೋಡೆಯ ಮೇಲಿನ ಸುಣ್ಣ ಎಂದು ನಿನಗೆ ಕೂಗಿದವಳು ನಾನೇ, ನೆನಪಿದೆ. ಅದು ಈಗ ಆಸ್ಪತ್ರೆಯ ಚೀಲದಲ್ಲಿ, ಇಸ್ಕ್ರಾಳ ಕಾಲುಚೀಲದೊಳಗೆ ಇದೆ. ಮಗುವಿಗೆ ಹಚ್ಚುವುದಿಲ್ಲ, ಆಣೆ. ಶುಕ್ರವಾರ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊರಗೆ ಬೆಂಚಿನ ಮೇಲೆ ಕೂತಾಗ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ನನಗೆ ಏನಾದರೂ ಬೇಕು. ನಿನ್ನ ಕೈ ಸಿಕ್ಕರೆ ಅದು ಬೇಡ.